ಎಚ್ಚರಿಕೆ ಮಗನ ಫೋನಿನಲ್ಲಿ, ವಾಚು ತಾಯಿಯ ಕೈಯಲ್ಲಿ: ಒಂದು ಪ್ರಕರಣ ಅಧ್ಯಯನ

ಹಿರಿಯರಿಗೆಂದು ಮಾರುವ ಎಐ ಸಾಧನಗಳ ಡಬ್ಬಿಯ ಮೇಲೆ ಅದು ಏನೇನು ಮಾಡುತ್ತದೆ ಎಂಬುದು ದೊಡ್ಡಕ್ಷರದಲ್ಲಿರುತ್ತದೆ. ಏನು ಮಾಡುವುದಿಲ್ಲ ಎಂಬುದು ಒಳಗಿನ ಚೀಟಿಯಲ್ಲೋ ಆ್ಯಪಿನಲ್ಲೋ ಅಡಗಿರುತ್ತದೆ. ಈ ಅಂತರದಿಂದ ಒಂದು ಮನೆಯಲ್ಲಿ ಏನಾಯಿತು, ಅದನ್ನು ಸರಿಪಡಿಸಲು ಯಾವ ಯಾವ ಲೇಬಲ್ ಮಾಡಿ ನೋಡಿದರು, ಯಾವುದು ಕೆಲಸಕ್ಕೆ ಬಂತು ಎಂಬುದರ ವಿವರ ಇಲ್ಲಿದೆ. ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಗುರುತು ಸಿಗಬಾರದೆಂದು ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದೆ. ಇಲ್ಲಿ ಕಂಡ ಲೋಪ ಒಂದೇ ಕಂಪನಿಯದಲ್ಲವಾದ್ದರಿಂದ ವಾಚಿನ ಕಂಪನಿಯ ಹೆಸರನ್ನೂ ಬಿಟ್ಟಿದೆ.

ಹಿನ್ನೆಲೆ

ಶಾರದಮ್ಮ (ಹೆಸರು ಬದಲಿಸಿದೆ) 74 ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಬಿಪಿಗೆ ಮಾತ್ರೆ ನಡೆಯುತ್ತಿದೆ, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಓದಲು ಕನ್ನಡಕ ಬೇಕು, ಕಿವಿ ಸ್ವಲ್ಪ ಮಂದ. ಮಗ ಹೊರದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ಮನೆಗೆಲಸದಾಕೆ ಬೆಳಿಗ್ಗೆ ಏಳಕ್ಕೆ ಬಂದು ಹತ್ತಕ್ಕೆ ಹೋಗುತ್ತಾಳೆ.

ರಜೆಗೆ ಬಂದಿದ್ದ ಮಗ ತಾಯಿಗೊಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಡಬ್ಬಿಯ ಮುಂಭಾಗದಲ್ಲಿ ನಗುಮುಖದ ಅಜ್ಜಿಯೊಬ್ಬರ ಚಿತ್ರ, ಪಕ್ಕದಲ್ಲಿ ದಿನದ 24 ಗಂಟೆಯೂ ಎಐ ಕಾವಲು ಎಂಬರ್ಥದ ಇಂಗ್ಲಿಷ್ ಸಾಲು. ಮುಖ್ಯ ಸೌಲಭ್ಯ ಮೂರು: ಬಿದ್ದರೆ ತಾನಾಗಿ ಗುರುತಿಸಿ ಮನೆಯವರಿಗೆ ತಿಳಿಸುವುದು, ತುರ್ತು ಗುಂಡಿ, ಮಾತಾಡುವ ಎಐ ಸಹಾಯಕ. ವಾಚಿಗೆ ಸ್ವಂತ ಸಿಮ್ ಇಲ್ಲ. ಬ್ಲೂಟೂತ್ ಮೂಲಕ ಶಾರದಮ್ಮನವರ ಫೋನಿಗೆ ಸೇರಿಕೊಂಡು, ಆ ಫೋನಿನಿಂದಲೇ ಕರೆ, ಸಂದೇಶ ಕಳಿಸುವಂಥದ್ದು.

ಜೋಡಿಸುವ ಕೆಲಸವನ್ನೆಲ್ಲ ಊಟದ ಮೇಜಿನ ಮೇಲೆ ಮಗನೇ ಮಾಡಿ ಮುಗಿಸಿದ. ತಾಯಿಯ ಖಾತೆಯನ್ನು ತನ್ನ ಫೋನಿನಿಂದ ತೆರೆದ, ಒಂದರ ಹಿಂದೊಂದು ಬಂದ ಪರದೆಗಳಿಗೆ ಒಪ್ಪಿಗೆ ಒತ್ತಿದ, ಆಮೇಲೆ ತಾಯಿಯ ಫೋನಿಗೆ ಆ್ಯಪ್ ಹಾಕಿ ಸೇರಿಸಿದ. ತುರ್ತು ಸಂಖ್ಯೆಗಳಲ್ಲಿ ಮೊದಲನೆಯದು ತನ್ನ ಹೊರದೇಶದ ನಂಬರು, ಎರಡನೆಯದು ತಂಗಿಯದು. ವಾಚಿನ ಬಗ್ಗೆ ಶಾರದಮ್ಮನವರಿಗೆ ತಿಳಿದದ್ದೆಷ್ಟು ಎಂದು ಆಮೇಲೆ ಕೇಳಿದಾಗ ಸಿಕ್ಕ ಉತ್ತರ: "ಬಿದ್ರೆ ಅದೇ ಫೋನ್ ಮಾಡತ್ತಮ್ಮ ಅಂದಿದ್ದ. ಕೈಯಿಂದ ಬಿಚ್ಬೇಡ ಅಂದಿದ್ದ. ಅಷ್ಟೇ."

ಆ ಬೆಳಗಿನ ಜಾವ

ಐದರ ಸುಮಾರಿಗೆ ಬಚ್ಚಲಿಗೆ ಹೋಗಲೆಂದು ಎದ್ದವರಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದರು. ಗೋಡೆಗುಂಟ ಜಾರುತ್ತಾ ಬಂದು ಕೊನೆಗೆ ಬಲಗೈ ಊರಿ ಕುಸಿದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ವಾಚು ಎಡಗೈಯಲ್ಲಿತ್ತು.

ವಾಚು ತಾನಾಗಿ ಏನೂ ಮಾಡಲಿಲ್ಲ. ಇಂಥ ಸಾಧನಗಳು ಮುಖ್ಯವಾಗಿ ನೋಡುವುದು ಕೈ ಇದ್ದಕ್ಕಿದ್ದಂತೆ ಕೆಳಗೆ ಬಂದ ವೇಗ, ನೆಲಕ್ಕೆ ತಾಗಿದ ಪೆಟ್ಟಿನ ಜೋರು ಮತ್ತು ಆಮೇಲಿನ ನಿಶ್ಚಲತೆ. ಗೋಡೆಗುಂಟ ಜಾರಿದಾಗ ವೇಗ ಏರುವುದಿಲ್ಲ, ಪೆಟ್ಟು ಹರಡಿಹೋಗುತ್ತದೆ. ಇಲ್ಲಿ ಪೆಟ್ಟು ಬಿದ್ದದ್ದೂ ವಾಚಿಲ್ಲದ ಕೈಗೆ. ಏಳಲು ಒದ್ದಾಡುತ್ತಿದ್ದುದರಿಂದ ನಿಶ್ಚಲತೆಯೂ ಇರಲಿಲ್ಲ. ಮಂಚದಿಂದ, ಕುರ್ಚಿಯಿಂದ, ಗೋಡೆಯಿಂದ ಮೆಲ್ಲಗೆ ಜಾರಿ ಕೂರುವುದು ವಯಸ್ಸಾದವರಲ್ಲಿ ಸಾಮಾನ್ಯ, ಈ ತಂತ್ರಾಂಶಗಳಿಗೆ ಹೆಚ್ಚು ತಪ್ಪಿಹೋಗುವುದೂ ಅದೇ. 2018ರಲ್ಲಿ ತನ್ನ ನಾಲ್ಕನೇ ಸರಣಿಯ ವಾಚಿಗೆ ಈ ಸೌಲಭ್ಯ ತಂದ ಆ್ಯಪಲ್ ಕೂಡ, ಎಲ್ಲ ಬೀಳುವಿಕೆಯನ್ನೂ ವಾಚು ಗುರುತಿಸಲಾರದು ಎಂದು ತನ್ನ ಸಹಾಯ ಪುಟದಲ್ಲಿ ಬರೆದಿದೆ. ಆದ್ದರಿಂದ ತಂತ್ರಕ್ಕೆ ಮಿತಿ ಇರುವುದನ್ನು ಇಲ್ಲಿ ದೂರುತ್ತಿಲ್ಲ.

ಶಾರದಮ್ಮ ವಾಚು ಕರೆ ಮಾಡುತ್ತದೆಂದು ಕಾದರು. ಬಹಳ ಹೊತ್ತು ಕಾದ ಮೇಲೆ ಗುಂಡಿಯ ನೆನಪಾಯಿತು. ಎಡಗೈಯ ವಾಚಿನ ಗುಂಡಿ ಒತ್ತಲು ಬಲಗೈ ಬೇಕು, ಬಲಗೈ ಮುರಿದಿದೆ. ಹೇಗೋ ಹೆಬ್ಬೆರಳು ತಂದು ಕಾಲಿಂಗ್ ಬೆಲ್ ಒತ್ತುವ ಹಾಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಅದು ಮೂರು ಸೆಕೆಂಡು ಬಿಡದೆ ಒತ್ತಿ ಹಿಡಿಯಬೇಕಾದ ಗುಂಡಿ. ಬಿಟ್ಟು ಬಿಟ್ಟು ಒತ್ತಿದಾಗ ಪರದೆ ಬದಲಾಯಿತೇ ಹೊರತು ಬೇರೇನೂ ಆಗಲಿಲ್ಲ. ವಾಚಿಗೆ ಬಾಯಿ ಹತ್ತಿರ ತಂದು "ಬಿದ್ಬಿಟ್ಟಿದ್ದೀನಿ, ಮಗಳಿಗೆ ಹೇಳು" ಎಂದರು. ಎಐ ಸಹಾಯಕಕ್ಕೆ ಬರುತ್ತಿದ್ದುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಅದೂ ಫೋನಿನ ಇಂಟರ್‌ನೆಟ್ ಇದ್ದರೆ. ಫೋನು ಎರಡು ಗೋಡೆಯಾಚೆ, ಹಜಾರದಲ್ಲಿ ಚಾರ್ಜಿಗೆ ಹಾಕಿತ್ತು. ಬ್ಲೂಟೂತ್ ತಪ್ಪಿಹೋಗಿ ವಾಚಿನ ಮೇಲೆ ಸಾಸಿವೆಯಷ್ಟು ಚಿಕ್ಕದೊಂದು ಗೆರೆ ಹೊಡೆದ ಫೋನಿನ ಗುರುತು ಕಾಣುತ್ತಿತ್ತು. ಕನ್ನಡಕ ಕಿಟಕಿಯ ಮೇಲಿತ್ತು.

ಏಳಕ್ಕೆ ಮನೆಗೆಲಸದಾಕೆ ಬಂದು, ಬಾಗಿಲು ತೆರೆಯದ್ದು ನೋಡಿ ಪಕ್ಕದ ಮನೆಯಲ್ಲಿದ್ದ ಕೀ ತಂದಳು.

ಎಚ್ಚರಿಕೆ ಇರಲಿಲ್ಲವೇ?

ಇತ್ತು. ಮಗಳು ಮತ್ತು ಊರಿನ ಹಿರಿಯ ನಾಗರಿಕರ ಸಂಘದ ಒಬ್ಬ ನಿವೃತ್ತ ಫಾರ್ಮಾಸಿಸ್ಟ್ ಸೇರಿ, ಆ ಬೆಳಿಗ್ಗೆ ಕೈಕೊಟ್ಟ ಒಂದೊಂದು ಸಂಗತಿಯನ್ನೂ ಬರೆದು, ಅದರ ಎಚ್ಚರಿಕೆ ಎಲ್ಲಿತ್ತೆಂದು ಹುಡುಕಿದರು. ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಪ್ರಯೋಜನವಾದ ಕೆಲಸ ಅದು.

ಎಲ್ಲ ಬೀಳುವಿಕೆಯೂ ಗುರುತಾಗದು ಎಂಬ ಮಾತು ಜೋಡಿಸುವಾಗ ಮಗನ ಫೋನಿನಲ್ಲಿ ಬಂದ ಒಂದು ಪರದೆಯಲ್ಲಿತ್ತು. ಅವನು ಒಪ್ಪಿಗೆ ಒತ್ತಿದ್ದ. ಮೂರು ಸೆಕೆಂಡು ಹಿಡಿಯಬೇಕೆಂಬುದು ಇಂಗ್ಲಿಷ್ ಕೈಪಿಡಿಯ ನಡುವಿನ ಪುಟದಲ್ಲಿ, ಪರದೆಯ ಹೊಳಪು ಹೊಂದಿಸುವ ಸೂಚನೆಯ ಕೆಳಗೆ. ಬ್ಲೂಟೂತ್ ವ್ಯಾಪ್ತಿ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ 10 ಮೀಟರ್ ಎಂದಿತ್ತು, ಗೋಡೆ ಅಡ್ಡ ಬಂದರೆ ಕಡಿಮೆಯಾಗುತ್ತದೆ ಎಂದಿರಲಿಲ್ಲ. ಸಹಾಯಕಕ್ಕೆ ಯಾವ ಭಾಷೆ ಬರುತ್ತದೆ ಎಂಬುದು ವೆಬ್‌ಸೈಟಿನಲ್ಲಿ ಮಾತ್ರ. ಡಬ್ಬಿಯ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಇದು ವೈದ್ಯಕೀಯ ಸಾಧನವಲ್ಲ ಎಂಬ ಇಂಗ್ಲಿಷ್ ಸಾಲಿತ್ತು.

ಎಚ್ಚರಿಕೆಗಳೆಲ್ಲ ಕೊಂಡವನಿಗೆ ಹೇಳಿದ್ದವು, ಕಟ್ಟಿಕೊಂಡವರಿಗೆ ಒಂದೂ ತಲುಪಿರಲಿಲ್ಲ. ಹಿರಿಯರ ಸಾಧನಗಳಲ್ಲಿ ಕೊಳ್ಳುವವರು ಒಬ್ಬರು, ಜೋಡಿಸುವವರು ಇನ್ನೊಬ್ಬರು, ಬಳಸುವವರು ಮತ್ತೊಬ್ಬರು ಆಗಿರುವುದೇ ಹೆಚ್ಚು. ಲೇಬಲ್ ಬರೆಯುವವರು ಮೂವರೂ ಒಬ್ಬರೇ ಎಂದುಕೊಂಡು ಬರೆಯುತ್ತಾರೆ.

ಹುಡುಕುತ್ತಾ ಹೋದಾಗ ಇನ್ನೆರಡು ಸಂಗತಿ ಹೊರಬಂದವು. ಯಾರ ಎಣಿಕೆಯಲ್ಲೂ ಇರದಿದ್ದವು.

ಬಿದ್ದದ್ದನ್ನು ಗುರುತಿಸುವ ಸೂಕ್ಷ್ಮತೆಗೆ ಆ್ಯಪಿನಲ್ಲಿ ಮೂರು ಹಂತ ಇತ್ತು. ಮೊದಲಿಗೆ ಅದು ಮೇಲಿನ ಹಂತದಲ್ಲಿತ್ತು. ಶಾರದಮ್ಮ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಕುಕ್ಕಿ ಒಗೆಯುವಾಗ, ತೆಂಗಿನಕಾಯಿ ಒಡೆಯುವಾಗ ವಾಚು ಬಿದ್ದರೆಂದೇ ತಿಳಿಯುತ್ತಿತ್ತು. ಹಾಗೆ ತಿಳಿದಾಗ ಅದು 30 ಸೆಕೆಂಡು ಕೀರಲು ದನಿಯಲ್ಲಿ ಕೂಗುತ್ತದೆ, ಅಷ್ಟರಲ್ಲಿ ರದ್ದು ಮಾಡದಿದ್ದರೆ ಸಂದೇಶ ಹೋಗುತ್ತದೆ. ನಲ್ಲಿ ನೀರಿನ ಸದ್ದಿನಲ್ಲಿ ಆ ಕೂಗು ಅವರಿಗೆ ಕೇಳಿಸುತ್ತಿರಲಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಮೇಲಿನ ಸ್ವರಗಳನ್ನು ಕೇಳುವ ಶಕ್ತಿ. ಹೊಗೆ ಎಚ್ಚರಿಕೆಯ ಗಂಟೆಗಳ ವಿಷಯದಲ್ಲಿ ಇದನ್ನು ಅರಿತು, ಮಲಗುವ ಕೋಣೆಗಳಿಗೆ ಸಾಮಾನ್ಯವಾದ 3,000 ಹರ್ಟ್ಸ್ ಆಸುಪಾಸಿನ ಕೀರಲಿಗೆ ಬದಲಾಗಿ 520 ಹರ್ಟ್ಸಿನ ತಗ್ಗು ದನಿಯನ್ನು ಅಮೆರಿಕದ ಅಗ್ನಿ ಎಚ್ಚರಿಕೆ ಸಂಹಿತೆ ಕೇಳುತ್ತದೆ. ಮಣಿಕಟ್ಟಿನ ವಾಚುಗಳಲ್ಲಿ ಆ ಎಚ್ಚರ ಕಾಣುವುದು ಅಪರೂಪ. ನಡುರಾತ್ರಿ ಸುಳ್ಳು ಸಂದೇಶ ಬಂದು ಬಂದು ಬೇಸತ್ತ ಮಗ, ಹೊರದೇಶದಲ್ಲಿ ಕೂತೇ ಸೂಕ್ಷ್ಮತೆಯನ್ನು ಕೆಳಗಿನ ಹಂತಕ್ಕೆ ಇಳಿಸಿದ್ದ. ಇಳಿದದ್ದು ವಾಚಿನ ಮೇಲೆ ಎಲ್ಲೂ ಕಾಣುವುದಿಲ್ಲ. ಅಮ್ಮನಿಗೆ ಹೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ.

ಇನ್ನೊಂದು, ತುರ್ತು ಗುಂಡಿಯ ಕರೆ. ಸಂದೇಶ ಇಂಟರ್‌ನೆಟ್ಟಿನಲ್ಲಿ ಹೋಗುತ್ತದೆ, ಕರೆ ಮಾತ್ರ ಫೋನಿನ ಸಿಮ್ಮಿನಿಂದ. ಮೊದಲ ನಂಬರು ಹೊರದೇಶದ್ದು, ಪ್ರೀಪೇಯ್ಡ್ ಸಿಮ್ಮಿನಲ್ಲಿ ಐಎಸ್‌ಡಿ, ಎಂದರೆ ಹೊರದೇಶಕ್ಕೆ ಕರೆ ಮಾಡುವ ಸೌಲಭ್ಯ, ಇರಲಿಲ್ಲ. ಗುಂಡಿ ಸರಿಯಾಗಿ ಒತ್ತಿದ್ದರೂ, ಫೋನು ಹತ್ತಿರವೇ ಇದ್ದರೂ ಮೊದಲ ಕರೆ ಹೋಗುತ್ತಿರಲಿಲ್ಲ. ಜೋಡಿಸುವಾಗ ಒಮ್ಮೆ ಪರೀಕ್ಷಾ ಕರೆ ಮಾಡಿಸಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಆ್ಯಪ್ ಅದನ್ನು ಕೇಳಲೇ ಇಲ್ಲ.

ಡಬ್ಬಿಯ ಮೇಲಿನ ಮುದ್ರೆಗಳು

ಮಗ ಡಬ್ಬಿ ನೋಡಿಯೇ ಕೊಂಡಿದ್ದ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿದೆ, ಆರ್ ಅಕ್ಷರದ ನೋಂದಣಿ ಸಂಖ್ಯೆಯಿದೆ, ಅಂದ ಮೇಲೆ ಪರೀಕ್ಷೆಯಾದ ಮಾಲು ಎಂದುಕೊಂಡಿದ್ದ. ಆ ನೋಂದಣಿ ಹೇಳುವುದು ಸಾಧನದ ವಿದ್ಯುತ್ ಸುರಕ್ಷತೆಯನ್ನು: ಶಾಕ್ ಹೊಡೆಯದು, ಕಾದು ಹೊತ್ತಿಕೊಳ್ಳದು ಎಂಬುದನ್ನು. ಬಿದ್ದರೆ ಗುರುತಿಸುತ್ತದೆಯೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ವೈದ್ಯಕೀಯ ಸಾಧನವೆಂದು ಮಾರುವ ವಸ್ತು, ಅದು ತಂತ್ರಾಂಶವಾದರೂ, 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಬರುತ್ತದೆ. ಈ ವಾಚು ತಳದ ಸಾಲಿನಲ್ಲಿ ಅದರಿಂದ ಹೊರಗುಳಿದು, ಮುಂಭಾಗದ ಸಾಲಿನಲ್ಲಿ ಅದರ ಭರವಸೆಯನ್ನೇ ಮಾರುತ್ತಿತ್ತು. ಕೊಳ್ಳುವವರು ನೋಡುವುದು ಮುಂಭಾಗ.

ಭಾಷೆಯ ವಿಷಯಕ್ಕೆ ಬಂದರೆ, 2011ರ ಪೊಟ್ಟಣ ಸರಕುಗಳ ನಿಯಮಗಳು ತಯಾರಕರ ವಿಳಾಸ, ಬೆಲೆ, ತಯಾರಾದ ತಿಂಗಳು, ಗ್ರಾಹಕ ಸೇವೆಯ ಸಂಪರ್ಕ ಮುಂತಾದವನ್ನು ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಹಾಕಬೇಕೆನ್ನುತ್ತವೆ. ಬೇರೆ ಭಾಷೆಯನ್ನು ಜೊತೆಗೆ ಹಾಕಲು ಅಡ್ಡಿಯಿಲ್ಲ, ಹಾಕಲೇಬೇಕೆಂದೂ ಇಲ್ಲ. ಅಕ್ಷರದ ಎತ್ತರ ಕನಿಷ್ಠ 1 ಮಿಲಿಮೀಟರ್ ಇದ್ದರೆ ಸಾಕು. 2022ರ ತಿದ್ದುಪಡಿ ಎಲೆಕ್ಟ್ರಾನಿಕ್ ವಸ್ತುಗಳಿಗೆ ಕೆಲವು ವಿವರಗಳನ್ನು ಕ್ಯೂಆರ್ ಕೋಡಿನಲ್ಲಿ ಕೊಡಲು ಅವಕಾಶ ಕೊಟ್ಟಿತು. ಸ್ಕ್ಯಾನ್ ಮಾಡಿ ಓದುವ ರೂಢಿ ಎಷ್ಟು ಜನ ಹಿರಿಯರಿಗಿದೆ ಎಂಬುದನ್ನು ಬಲ್ಲವರೇ ಬಲ್ಲರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ 5ನೇ ಸೆಕ್ಷನ್ನು ದತ್ತಾಂಶದ ಬಗೆಗಿನ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು ಎನ್ನುತ್ತದೆ. ವಾಚು ನಮ್ಮ ಮಾಹಿತಿ ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಕೇಳುವ ಹಕ್ಕು ಕಾನೂನಿನಲ್ಲಿದೆ, ಬಿದ್ದಾಗ ಅದು ಕರೆ ಮಾಡದೇ ಇರಬಹುದು ಎಂಬುದನ್ನು ಕೇಳುವ ಹಕ್ಕು ಹಾಗೆ ಬರೆದಿಟ್ಟಿಲ್ಲ. ಇದು ಸರಿಯಾಗಲೇಬೇಕಾದ ಮಾತು.

ಮೊದಲ ಯತ್ನ: ಕೈಪಿಡಿಯ ಕನ್ನಡ

ಮಗಳು ಕೈಪಿಡಿಯ ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದು ನಾಲ್ಕು ಪುಟ ಪ್ರಿಂಟ್ ಮಾಡಿಕೊಟ್ಟಳು. ಶಾರದಮ್ಮ ಮೇಷ್ಟರಿಕೆ ಮಾಡಿದವರು. ಪೂರ್ತಿ ಓದಿ, ಒಂದೆರಡು ಕಾಗುಣಿತ ತಿದ್ದಿ, "ಎಲ್ಲಾ ಅರ್ಥ ಆಯ್ತು ಕಣೆ" ಎಂದರು. ಫಾರ್ಮಾಸಿಸ್ಟ್ ಒಪ್ಪಲಿಲ್ಲ. ಮಾತ್ರೆಯ ಚೀಟಿ ಓದಿ ತಲೆಯಾಡಿಸಿದವರು ಮನೆಗೆ ಹೋಗಿ ತಪ್ಪು ನುಂಗುವುದನ್ನು ಅವರು ವೃತ್ತಿಯುದ್ದಕ್ಕೂ ನೋಡಿದ್ದರು. "ಟೀಚರಮ್ಮ, ಈಗ ನೀವು ಬಿದ್ದಿದ್ದೀರಿ ಅಂದ್ಕೊಳ್ಳಿ. ಏನ್ ಮಾಡ್ತೀರಿ, ಮಾಡಿ ತೋರಿಸಿ" ಎಂದರು. ಅವರು ವಾಚನ್ನೇ ನೋಡುತ್ತಾ ಕೂತರು. ಯಾಕೆಂದು ಕೇಳಿದರೆ, "ಅದು ಫೋನ್ ಮಾಡತ್ತಲ್ಲ, ಕಾಯ್ತಿದ್ದೀನಿ."

ತಪ್ಪು ವಾಕ್ಯಗಳ ಜೋಡಣೆಯಲ್ಲಿತ್ತು. ಬಿದ್ದರೆ ತಾನಾಗಿ ತಿಳಿಸುತ್ತದೆ ಎಂಬ ಭರವಸೆ ಮೊದಲು, ಕೆಲವು ಸಂದರ್ಭದಲ್ಲಿ ಗುರುತಿಸದೇ ಇರಬಹುದು ಎಂಬ ಮಿತಿ ಆಮೇಲೆ. ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಭರವಸೆ. ಮಿತಿಯನ್ನು ಓದಿದ ಮೇಲೆ ಏನು ಮಾಡಬೇಕೆಂದೂ ಅಲ್ಲಿರಲಿಲ್ಲ.

ಎರಡನೆಯದು: ಕೆಂಪು ಚೀಟಿ

ಇದಕ್ಕೆ ಪ್ರತಿಯಾಗಿ ಸಂಘದವರು ಎಚ್ಚರಿಕೆಗಳನ್ನಷ್ಟೇ ಆರಿಸಿ, ತ್ರಿಕೋನದ ಗುರುತು ಹಾಕಿ, ಕೆಂಪು ಅಕ್ಷರದ ಹತ್ತು ಸಾಲಿನ ಚೀಟಿ ಮಾಡಿದರು. ಒದ್ದೆ ಕೈಯಲ್ಲಿ ಚಾರ್ಜರ್ ಮುಟ್ಟಬೇಡಿ ಎಂಬುದೂ, ಕರೆ ಹೋಗದೇ ಇರಬಹುದು ಎಂಬುದೂ ಒಂದೇ ತೂಕದಲ್ಲಿ ಒಂದರ ಕೆಳಗೊಂದು. ಹತ್ತರಲ್ಲಿ ಯಾವುದು ಪ್ರಾಣಕ್ಕೆ ಸಂಬಂಧಿಸಿದ್ದು ಎಂದು ಓದುವವರೇ ಆರಿಸಿಕೊಳ್ಳಬೇಕಾಯಿತು. ಸಂಘದ ಇನ್ನೊಬ್ಬ ಹಿರಿಯರು ಅಂಥದ್ದೇ ವಾಚು ಕಟ್ಟುತ್ತಿದ್ದವರು. ಚೀಟಿ ಓದಿ ಹೆದರಿ ವಾಚು ಬಿಚ್ಚಿ ಬೀರುವಿನಲ್ಲಿಟ್ಟರು. ಅವರಿಗೆ ಅದರಿಂದ ಇದ್ದ ಅಷ್ಟಿಷ್ಟು ಉಪಯೋಗವೂ ಹೋಯಿತು. ಮೇಲಾಗಿ ಕೆಂಪು ಅಕ್ಷರ ರಾತ್ರಿಯ ಮಂದ ದೀಪದಲ್ಲಿ ಕಪ್ಪುಗಟ್ಟಿ ಹಿನ್ನೆಲೆಯಲ್ಲಿ ಕರಗಿಹೋಗುತ್ತಿತ್ತು.

ಮೂರನೆಯದು: ಮಾಡಬೇಕಾದ್ದು ಮೊದಲು

ಇಲ್ಲಿ ತೆಗೆದುಕೊಂಡ ನಿರ್ಧಾರ ಮೂರು. ಕಾರ್ಡಿನಲ್ಲಿ ಬಿದ್ದ ಗಳಿಗೆಗೆ ಬೇಕಾದ್ದು ಮಾತ್ರ ಇರಬೇಕು. ನಿರ್ವಹಣೆ, ಚಾರ್ಜು, ನೀರು ಎಲ್ಲವೂ ಮಗಳ ಕೈಯ ಬೇರೆ ಹಾಳೆಗೆ. ವಾಚು ಏನು ಮಾಡುವುದಿಲ್ಲ ಎಂಬುದೇ ಮೊದಲ ಸಾಲು. ಮಿತಿ ಹೇಳಿದಲ್ಲೆಲ್ಲ ಅದರ ಪಕ್ಕದಲ್ಲೇ ಮಾಡಬೇಕಾದ ಕೆಲಸ. ಹೀಗೆ ಬಂದ ಪಠ್ಯ:

ಈ ವಾಚು ನೀವು ಬಿದ್ದದ್ದನ್ನು ಗುರುತಿಸದೇ ಇರಬಹುದು. ಕಾಯಬೇಡಿ.
ಗುಂಡಿ ಒತ್ತಿ ಹಿಡಿಯಿರಿ. ಐದು ಎಣಿಸಿ. ವಾಚು ನಡುಗುತ್ತದೆ.
ನಡುಗದಿದ್ದರೆ ಕರೆ ಹೋಗಿಲ್ಲ. ಬೆಲ್ಲಿನ ಹಗ್ಗ ಎಳೆಯಿರಿ.
ಫೋನು ಇದೇ ಕೋಣೆಯಲ್ಲಿ ಇರಲಿ.
ಈ ವಾಚು 112ಕ್ಕಾಗಲಿ 108ಕ್ಕಾಗಲಿ ಕರೆ ಮಾಡುವುದಿಲ್ಲ.

ಮೂರು ಸೆಕೆಂಡಿಗೆ ಐದು ಎಣಿಸಲು ಹೇಳಿದ್ದು ಬೇಕೆಂದೇ. ಗಾಬರಿಯಲ್ಲಿ ಎಣಿಕೆ ಓಡುತ್ತದೆ. ಬೆಲ್ಲಿನ ಹಗ್ಗ ಎಂದರೆ ಪಕ್ಕದ ಮನೆಯೊಳಗೆ ಬಡಿಯುವ ಸಾಮಾನ್ಯ ವಿದ್ಯುತ್ ಬೆಲ್ಲಿಗೆ ಜೋಡಿಸಿದ ಎಳೆಯುವ ಸ್ವಿಚ್ಚು, ಅದರ ಹಗ್ಗ ನೆಲ ಮುಟ್ಟುವಷ್ಟು ಉದ್ದ. ಒಂದು ಮಂಚದ ಬಳಿ, ಒಂದು ಬಚ್ಚಲಲ್ಲಿ. ಕರೆಂಟು ಹೋದಾಗಲೂ ಬಡಿಯಲೆಂದು ಅದನ್ನು ಯುಪಿಎಸ್ ಲೈನಿಗೆ ಕೊಟ್ಟರು. ಮೊದಲ ಕರಡಿನಲ್ಲಿ 14567 ಎಂಬ ಹಿರಿಯರ ಸಹಾಯವಾಣಿಯೂ ಇತ್ತು. ಅದು ಸಲಹೆ, ಮಾಹಿತಿ, ನೆರವಿಗೆ ಇರುವ ಒಳ್ಳೆಯ ಸಂಖ್ಯೆ, ಆಂಬುಲೆನ್ಸಿನದಲ್ಲ. ಬಿದ್ದ ಗಳಿಗೆಯ ಕಾರ್ಡಿನಿಂದ ಅದನ್ನು ತೆಗೆದರು.

ಎಐ ಸಹಾಯಕದ ಮಾತನ್ನು ಈ ಕಾರ್ಡಿಗೆ ಸೇರಿಸಬೇಕೆ ಎಂಬ ಚರ್ಚೆ ಬಂತು. ತಲೆ ಸುತ್ತುತ್ತಿದೆ, ಬಿಪಿ ಮಾತ್ರೆ ಬಿಡಲೇ ಎಂದು ಕೇಳಿದರೆ ಅದು ಡಾಕ್ಟರ ಧಾಟಿಯಲ್ಲೇ ನಿರರ್ಗಳವಾಗಿ ಉತ್ತರಿಸುತ್ತಿತ್ತು. ಅಪಾಯ ನಿಜ, ಆದರೆ ಅದು ಬೇರೆ ಗಳಿಗೆಯ ಅಪಾಯ. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಬೇರೆ ಚೀಟಿ ಅಂಟಿಸಿದರು: ವಾಚು ಡಾಕ್ಟರಲ್ಲ, ಅದನ್ನು ಕೇಳಿ ಮಾತ್ರೆ ಬಿಡಬೇಡಿ, ಬದಲಿಸಬೇಡಿ. ಯಾವ ತೀರ್ಮಾನ ಎಲ್ಲಿ ನಡೆಯುತ್ತದೋ ಲೇಬಲ್ ಅಲ್ಲಿರಬೇಕು.

ಅಚ್ಚಿನ ವಿವರ: 18 ಪಾಯಿಂಟ್ ಅಕ್ಷರ, ಮೊದಲ ಸಾಲು 24. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುವುದರಿಂದ ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ. ತಿಳಿಹಳದಿ ಕಾಗದದ ಮೇಲೆ ಕಪ್ಪು ಅಕ್ಷರ. ಹೊಳಪಿನ ಲ್ಯಾಮಿನೇಶನ್ ಟ್ಯೂಬ್‌ಲೈಟಿಗೆ ಮಿನುಗಿ ಅರ್ಧ ಪದ ನುಂಗುತ್ತದೆ, ಅದಕ್ಕೆ ಮ್ಯಾಟ್ ಹಾಳೆ. ವಾಚಿನ ಗುಂಡಿಗೆ ಬೆರಳಿಗೆ ತಾಗುವಂತೆ ಸಿಲಿಕೋನಿನ ಉಬ್ಬು ಚುಕ್ಕಿ, ಏಕೆಂದರೆ ಬೆಳಗಿನ ಜಾವ ಕನ್ನಡಕ ಇರುವುದಿಲ್ಲ.

ಪರೀಕ್ಷೆ

ಯುರೋಪಿನಲ್ಲಿ ಔಷಧದ ಜೊತೆಗಿನ ಚೀಟಿಯನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಸಾಮಾನ್ಯ ಜನರ ಕೈಲಿ ಪರೀಕ್ಷಿಸುವ ರೂಢಿಯಿದೆ. ಹತ್ತು ಹತ್ತು ಮಂದಿಯ ಎರಡು ಸುತ್ತು. ಕೇಳಿದ ಮಾಹಿತಿಯನ್ನು ಶೇ. 90 ಜನ ಹುಡುಕಿ ತೆಗೆಯಬೇಕು, ಹಾಗೆ ತೆಗೆದವರಲ್ಲಿ ಶೇ. 90 ಜನಕ್ಕೆ ಅದು ಅರ್ಥವಾಗಿರಬೇಕು. ಫಾರ್ಮಾಸಿಸ್ಟ್ ಅದೇ ಪದ್ಧತಿಯನ್ನು ಸಂಘದ ಬೈಠಕ್ಕಿಗೆ ಇಳಿಸಿದರು. ಒಂದು ಬದಲಾವಣೆ ಮಾತ್ರ ಮಾಡಿಕೊಂಡರು: ಅರ್ಥವಾಯಿತೇ ಎಂದು ಯಾರನ್ನೂ ಕೇಳುವ ಹಾಗಿಲ್ಲ. ಸನ್ನಿವೇಶ ಹೇಳುವುದು, ಮಾಡಿ ತೋರಿಸಿ ಎನ್ನುವುದು. ಬಚ್ಚಲಲ್ಲಿದ್ದೀರಿ, ವಾಚು ಚಾರ್ಜಿಗಿದೆ. ಗುಂಡಿ ಹಿಡಿದಿರಿ, ನಡುಗಲಿಲ್ಲ. ವಾಚಿರುವ ಕೈಯ ಎದುರಿನ ಕೈಗೆ ಪೆಟ್ಟಾಗಿದೆ.

ಕೊನೆಯ ಸನ್ನಿವೇಶ ಹೊಸ ಉತ್ತರವೊಂದನ್ನು ಕೊಟ್ಟಿತು. ಒಬ್ಬ ಅಜ್ಜಿ ಗುಂಡಿಯನ್ನು ನೆಲಕ್ಕೇ ಒತ್ತಿ ಹಿಡಿದರು, ಕೈ ತಿರುಗಿಸಿ, ಮೈಭಾರ ಬಿಟ್ಟು. ಗುಂಡಿ ಬೆರಳಿನ ಕಡೆಯ ಅಂಚಿನಲ್ಲಿದ್ದರೆ ಅದು ಸಾಧ್ಯ, ಮೊಣಕೈಯ ಕಡೆ ಇದ್ದರೆ ಆಗದು. ಶಾರದಮ್ಮನವರ ವಾಚನ್ನು ಗುಂಡಿ ಬೆರಳಿನ ಕಡೆ ಬರುವಂತೆ ತಿರುಗಿಸಿ ಕಟ್ಟಿಸಿದರು. ಯಾವ ಕೈಪಿಡಿಯಲ್ಲೂ ಇರದ ಸೂಚನೆ ಅದು.

ಪ್ರಕರಣದ ನಿಜವಾದ ತಿರುವು ಬಂದದ್ದು ಮನೆಯಲ್ಲೇ ನಡೆಸಿದ ಪರೀಕ್ಷೆಯಲ್ಲಿ. ಕಾರ್ಡನ್ನು ಕ್ಯಾಲೆಂಡರಿನ ಪಕ್ಕ, ನಿಂತವರ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದರು. ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಚಾಪೆ ಹಾಸಿ ಶಾರದಮ್ಮನವರನ್ನು ಜೋಪಾನವಾಗಿ ಮಲಗಿಸಿ ಕೇಳಿದಳು: "ಅಜ್ಜಿ, ಈಗ ಕಾರ್ಡ್ ಓದಿ." ಓದಲಾಗಲಿಲ್ಲ. ಮೇಲೆ ಕಾಣುತ್ತಿದ್ದುದು ಹಳದಿ ಚೌಕ ಮಾತ್ರ. ಬಿದ್ದವರಿಗಾಗಿ ಬರೆದ ಕಾರ್ಡನ್ನು ನಿಂತವರಿಗೆ ಅಂಟಿಸಲಾಗಿತ್ತು. ಆವತ್ತೇ ಇನ್ನೊಂದು ಪ್ರತಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಮಂಚದೆದುರಿನ ಗೋಡೆಗೆ ಅಂಟಿಸಿದರು. ಮೊದಲ ಎರಡು ಸಾಲು ಮಾತ್ರ, ಅಕ್ಷರ 60 ಪಾಯಿಂಟ್, ಕನ್ನಡಕವಿಲ್ಲದೆ ಓದುವಂತೆ. ಹಾಸಿಗೆ ಪಕ್ಕದ ಚಾರ್ಜರನ್ನೂ ಕೆಳಗಿಳಿಸಿ, ಫೋನು ನೆಲದಿಂದ ಕೈಗೆಟಕುವಂತೆ ಮಾಡಿದರು. ಫೋನು ಕೈಗೆಟಕಿದರೆ ವಾಚಿನ ಹಂಗೇ ಬೇಡ.

ಕಾರ್ಡು ಸುಳ್ಳಾದ ದಿನ

ಕಾರ್ಡಿನ ಜೊತೆಗೆ ವಾರಕ್ಕೊಮ್ಮೆ, ಭಾನುವಾರ ಸಂಜೆ, ಗುಂಡಿ ಒತ್ತಿ ಮಗಳಿಗೆ ಪರೀಕ್ಷಾ ಕರೆ ಮಾಡುವ ರೂಢಿ ಹಾಕಿದ್ದರು. ಮೊದಲ ತುರ್ತು ನಂಬರು ಈಗ ಪಕ್ಕದ ಮನೆಯದು, ಎರಡನೆಯದು ಮಗಳದು, ಮಗ ಸಂದೇಶಕ್ಕೆ ಮಾತ್ರ. ಪರೀಕ್ಷೆಯ ಹೊತ್ತು ಪಕ್ಕದವರಿಗೂ ಗೊತ್ತು, ಅವರು ಎತ್ತದೆ ಬಿಟ್ಟರೆ ಕರೆ ಮಗಳಿಗೆ ಹೋಗುತ್ತದೆ. ಕೆಲವು ತಿಂಗಳ ಮೇಲೆ ಒಂದು ಭಾನುವಾರ ಗುಂಡಿ ಹಿಡಿದರೆ ವಾಚು ನಡುಗಲಿಲ್ಲ, ಆಫ್ ಮಾಡಲೇ ಎಂದು ಕೇಳುವ ಪರದೆ ಬಂತು. ರಾತ್ರಿ ತಾನಾಗಿ ಇಳಿದಿದ್ದ ಹೊಸ ತಂತ್ರಾಂಶ ತುರ್ತು ಕರೆಯನ್ನು ಗುಂಡಿಯ ಐದು ಒತ್ತಿಗೆ ಬದಲಿಸಿತ್ತು. ಗೋಡೆಯ ಮೇಲಿನ ಎರಡೂ ಕಾರ್ಡು ಒಂದೇ ರಾತ್ರಿಯಲ್ಲಿ ತಪ್ಪಾದವು.

ಮಿಕ್ಸಿಗೋ ಪ್ರೆಶರ್ ಕುಕ್ಕರಿಗೋ ಅಂಟಿಸಿದ ಎಚ್ಚರಿಕೆ ಆ ವಸ್ತು ಇರುವವರೆಗೂ ನಿಜವಾಗಿರುತ್ತದೆ. ತಾನಾಗಿ ಬದಲಾಗುವ ಸಾಧನದ ಲೇಬಲ್ಲಿಗೆ ಆ ಭಾಗ್ಯವಿಲ್ಲ. ಸೆಟ್ಟಿಂಗಿನಲ್ಲಿ ಹುಡುಕಿ ಹಳೆಯ ವಿಧಾನಕ್ಕೆ ಮರಳಿಸಿದರು, ತಾನಾಗಿ ಇಳಿಯುವ ಅಪ್‌ಡೇಟನ್ನು ನಿಲ್ಲಿಸಿ, ಮಗಳು ಊರಿಗೆ ಬಂದಾಗ ಮಾತ್ರ ಹಾಕುವಂತೆ ಮಾಡಿದರು. ಸುರಕ್ಷತೆಯ ತಿದ್ದುಪಡಿಗಳು ತಡವಾಗುತ್ತವೆ ಎಂಬ ನಷ್ಟ ಇದರಲ್ಲಿದೆ, ಅದನ್ನು ತಿಳಿದೇ ಒಪ್ಪಿಕೊಂಡರು. ಕಾರ್ಡಿನ ಕೆಳಗೆ ಸಣ್ಣದಾಗಿ ತಂತ್ರಾಂಶದ ಆವೃತ್ತಿ, ಕೊನೆಯ ಪರೀಕ್ಷಾ ಕರೆಯ ತಾರೀಖು ಬರೆಯಲು ಜಾಗ ಬಂತು. 2024ರ ಏಪ್ರಿಲ್ 29ರಿಂದ ಬ್ರಿಟನ್ನಿನಲ್ಲಿ ಇಂಟರ್‌ನೆಟ್ಟಿಗೆ ಸೇರುವ ಗೃಹಬಳಕೆಯ ವಸ್ತುಗಳಿಗೆ ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಕೊಡುತ್ತೇವೆಂದು ತಯಾರಕರು ಪ್ರಕಟಿಸಲೇಬೇಕು. ಅಪ್‌ಡೇಟಿನಿಂದ ತುರ್ತು ಗುಂಡಿಯ ಬಳಕೆ ಬದಲಾದರೆ ಧರಿಸಿದವರ ಭಾಷೆಯಲ್ಲಿ ವಾಚಿನ ಮೇಲೆಯೇ ಹೇಳಿ, ಒಮ್ಮೆ ಒತ್ತಿಸಿ ನೋಡದೆ ಜಾರಿಗೆ ತರಬಾರದು ಎಂಬುದು ಅದರ ಮುಂದಿನ ಹೆಜ್ಜೆ ಆಗಬೇಕು.

ಕಂಪನಿ, ಅಂಗಡಿ

ಮಗಳು ಡಬ್ಬಿಯ ಫೋಟೋ, ಎಚ್ಚರಿಕೆಗಳು ಎಲ್ಲೆಲ್ಲಿದ್ದವೆಂಬ ಪಟ್ಟಿ, ಅಪ್‌ಡೇಟಿನ ಪರದೆಯ ಚಿತ್ರ ಸೇರಿಸಿ ಕಂಪನಿಯ ಗ್ರಾಹಕ ಸೇವೆಗೆ ಬರೆದಳು. ಎಲ್ಲ ಮಾಹಿತಿಯೂ ಕೈಪಿಡಿಯಲ್ಲಿದೆ ಎಂಬ ಉತ್ತರ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ಸರಿಯಾದ ಬಳಕೆಗೆ ಬೇಕಾದಷ್ಟು ಸೂಚನೆಯಾಗಲಿ ಎಚ್ಚರಿಕೆಯಾಗಲಿ ಇಲ್ಲದೆ ಹಾನಿಯಾದರೆ ತಯಾರಕರು ಹೊಣೆ. ಅದನ್ನು ನಮೂದಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ ಮೇಲೆ ಧಾಟಿ ಬದಲಾಯಿತು. ಜೋಡಿಸುವ ಹಂತದ ಕೊನೆಗೆ ಪರೀಕ್ಷಾ ಕರೆ ಮಾಡಿಸುವ ಪರದೆ ಸೇರಿತು. ಸೂಕ್ಷ್ಮತೆ ಕೆಳಗಿನ ಹಂತದಲ್ಲಿದ್ದರೆ ವಾಚಿನ ಮೇಲೆ ಗುರುತು ಕಾಣುವಂತಾಯಿತು. ಕನ್ನಡದ ಒಂದು ಪುಟದ ಚೀಟಿ ವೆಬ್‌ಸೈಟಿನಲ್ಲಿ ಬಂತು, ಡಬ್ಬಿಯೊಳಗೆ ಬರಲಿಲ್ಲ.

ಹೆಚ್ಚು ಕೆಲಸ ಆದದ್ದು ಊರಿನ ಮೊಬೈಲ್ ಅಂಗಡಿಯಲ್ಲಿ. ಸಂಘದವರು ಹೇಳಿದ ಮೇಲೆ ಅಂಗಡಿಯವರು ಹಿರಿಯರಿಗೆ ವಾಚು ಕೊಡುವಾಗ ಮೂರು ಕೆಲಸ ಮಾಡಿಸುತ್ತಾರೆ. ಕಟ್ಟಿಕೊಳ್ಳುವವರನ್ನೇ ಕೂರಿಸಿ ಗುಂಡಿ ಹಿಡಿಸಿ ಕರೆ ಹೋಗುವುದನ್ನು ತೋರಿಸುತ್ತಾರೆ. ಫೋನನ್ನು ಹಿಂದಿನ ಗೋಡೌನಿಗೆ ಒಯ್ದು ಮತ್ತೆ ಒತ್ತಿಸಿ, ಹೋಗದಿರುವುದನ್ನೂ ತೋರಿಸುತ್ತಾರೆ. ಸಹಾಯಕದ ಜೊತೆ ಕನ್ನಡದಲ್ಲಿ ಮಾತಾಡಿಸಿ ಏನಾಗುತ್ತದೆಂದು ನೋಡಲು ಬಿಡುತ್ತಾರೆ. ಐದು ಸಾಲಿನ ಕಾರ್ಡು ಬಿಲ್ಲಿನ ಜೊತೆಗೇ ಹೋಗುತ್ತದೆ. ಎರಡನೇ ಪರೀಕ್ಷೆ ನೋಡಿದ ಮೇಲೆ ಕೆಲವರು ಸ್ವಂತ ಸಿಮ್ ಇರುವ ವಾಚು ಕೇಳುತ್ತಾರೆ, ಕೆಲವರು ಕೊಳ್ಳದೆ ಎದ್ದು ಹೋಗುತ್ತಾರೆ. ಅಂಗಡಿಯವರು ಇದನ್ನು ಒಪ್ಪಿ ನಡೆಸಿಕೊಂಡು ಬರುತ್ತಿರುವುದು ದೊಡ್ಡ ಮಾತು.

ಶಾರದಮ್ಮನವರ ಮಣಿಕಟ್ಟು ಕೂಡಿಕೊಂಡಿದೆ, ಮುಷ್ಟಿ ಪೂರ್ತಿ ಬಿಗಿಯಲು ಇನ್ನೂ ಆಗುವುದಿಲ್ಲ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದನ್ನು ಡಾಕ್ಟರಿಗೆ ಹೇಳಿದ ಮೇಲೆ ಬಿಪಿ ಮಾತ್ರೆಯ ಹೊತ್ತು ಬದಲಾಗಿದೆ. ವಾಚು ಈಗಲೂ ಕಟ್ಟುತ್ತಾರೆ. ಡಬ್ಬಿಯ ಮುಂಭಾಗದ 24 ಗಂಟೆಯ ಸಾಲು ಬದಲಾಗಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಅವಕಾಶವಿದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆ ಸಾಲಿನ ಮೇಲೆಯೇ ದೂರು ಕೊಡಲು ಮಗಳು ಡಬ್ಬಿ, ಬಿಲ್ಲು, ಆಸ್ಪತ್ರೆಯ ಕಾಗದ ಜೋಡಿಸುತ್ತಿದ್ದಾಳೆ.